ಅಗ್ಗದ ವೈನ್, ಮನೆಯ ವೈನ್: ಭರಣಿಯೊಳಗೆ ನಡೆಯುವುದೇನು?

ಹಿಸುಕಿದ ದ್ರಾಕ್ಷಿಯನ್ನು ಗಾಜಿನ ಭರಣಿಗೆ ಹಾಕಿ, ಎರಡು ದಿನ ಬಿಟ್ಟು ಅದರ ಬಾಯಿಗೆ ಕಿವಿಗೊಟ್ಟು ಕೇಳಿ. ಸಣ್ಣಗೆ ಚಿಟಿಚಿಟಿ ಸದ್ದು ಬರುತ್ತಿರುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಒಳಗೆ ಸಕ್ಕರೆ ತಿನ್ನುತ್ತಿವೆ, ಅದರ ಗುಳ್ಳೆಗಳು ಒಡೆಯುವ ಸದ್ದು ಅದು. ವೈನ್ ಎಂದರೆ ಏನು ಎಂದು ನನಗೆ ನಿಜವಾಗಿ ಅರ್ಥವಾಗಿದ್ದು ಆ ಸದ್ದು ಕೇಳಿದ ದಿನ.

ವೈನ್ ಬಗ್ಗೆ ಈಗಷ್ಟೇ ಆಸಕ್ತಿ ಹುಟ್ಟಿದವರಿಗೆ ಎರಡು ಸಂದೇಹ ಇದ್ದೇ ಇರುತ್ತವೆ. ಕಡಿಮೆ ಬೆಲೆಯ ಬಾಟಲಿ ತಂದರೆ ಅದು ಕಳಪೆಯೇ ಆಗಿರುತ್ತದಾ? ಹಣ್ಣು ರಾಶಿ ರಾಶಿ ಸಿಗುವ ಕಾಲದಲ್ಲಿ ಮನೆಯಲ್ಲೇ ಮಾಡಿಕೊಂಡರೆ ಆಗದಾ, ಅದರಲ್ಲಿ ಏನಾದರೂ ಅಪಾಯ ಇದೆಯಾ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಣ್ಣಿನ ರಸ ವೈನ್ ಆಗುವುದು ಹೇಗೆ ಎಂದು ತಿಳಿದರೆ, ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬುದೂ ತಿಳಿಯುತ್ತದೆ, ಭರಣಿಯ ಮುಂದೆ ನಾವು ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಹಣ್ಣಿನ ಸಕ್ಕರೆ ಎಲ್ಲಿಗೆ ಹೋಗುತ್ತದೆ?

ಯೀಸ್ಟ್ ಒಂದೇ ಜೀವಕೋಶ ಇರುವ ಶಿಲೀಂಧ್ರ. ಅದು ಸಕ್ಕರೆ ತಿಂದು ಎರಡು ವಸ್ತು ಹೊರಗೆ ಬಿಡುತ್ತದೆ: ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಎಂಬ ಅನಿಲ. ಇದನ್ನೇ ಹುದುಗುವುದು ಅಥವಾ ಹುಳಿ ಬರುವುದು ಎನ್ನುತ್ತೇವೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವುದೂ ಇದೇ ಜಾತಿಯ ಯೀಸ್ಟ್. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂದು ಅದರ ವಿಜ್ಞಾನದ ಹೆಸರು. ಬ್ರೆಡ್ಡಿನಲ್ಲಿ ನಮಗೆ ಬೇಕಿರುವುದು ಅನಿಲ. ಆಲ್ಕೋಹಾಲ್ ಒಲೆಯ ಬಿಸಿಗೆ ಹಾರಿಹೋಗುತ್ತದೆ. ವೈನಿನಲ್ಲಿ ಅನಿಲವನ್ನು ಹೊರಗೆ ಬಿಟ್ಟು ಆಲ್ಕೋಹಾಲನ್ನು ಉಳಿಸಿಕೊಳ್ಳುತ್ತೇವೆ. ಅಷ್ಟೇ ವ್ಯತ್ಯಾಸ.

ಜನ ಇದನ್ನು ಕಾರಣ ಗೊತ್ತಿಲ್ಲದೆಯೇ ಸಾವಿರಾರು ವರ್ಷ ಮಾಡಿದರು. ಜಾರ್ಜಿಯಾ ದೇಶದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಸಿಕ್ಕಿದೆ. ಅವು ಸುಮಾರು 8000 ವರ್ಷ ಹಳೆಯವು. ಇಂದಿಗೂ ಅಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹಂಡೆಯನ್ನು ನೆಲದಲ್ಲಿ ಹೂತು ಅದರೊಳಗೆ ವೈನ್ ಮಾಡುತ್ತಾರೆ. ಯುನೆಸ್ಕೋ 2013ರಲ್ಲಿ ಆ ವಿಧಾನವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಕೆಲಸದ ಹಿಂದೆ ಒಂದು ಜೀವಿ ಇದೆ ಎಂದು ಪ್ರಯೋಗ ಮಾಡಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ಅದು 1850ರ ದಶಕದ ಕೊನೆಯ ಮಾತು. ಅಂದರೆ ವೈನಿನ ಇತಿಹಾಸದಲ್ಲಿ ಯೀಸ್ಟ್ ಎಂಬ ಹೆಸರು ತೀರಾ ಇತ್ತೀಚಿನದು.

ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ವೈನಿಗೆಂದೇ ಬೆಳೆದು ಚೆನ್ನಾಗಿ ಮಾಗಿದ ದ್ರಾಕ್ಷಿಯ ಒಂದು ಲೀಟರ್ ರಸದಲ್ಲಿ 200ರಿಂದ 240 ಗ್ರಾಂ ಸಕ್ಕರೆ ಇರುತ್ತದೆ. ಭಾಗಿಸಿ ನೋಡಿದರೆ 12ರಿಂದ 14 ಬರುತ್ತದೆ. ಬಾಟಲಿಯ ಲೇಬಲ್ ಮೇಲೆ ಸಾಮಾನ್ಯವಾಗಿ ಕಾಣುವ ಸಂಖ್ಯೆ ಇದೇ ಅಲ್ವಾ?

ಇಲ್ಲಿಂದ ಕೆಲವು ಪದಗಳ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಅದು ಡ್ರೈ ವೈನ್, ಅಂದರೆ ಸಿಹಿ ಉಳಿಯದ ವೈನ್. ಸ್ವಲ್ಪ ಸಕ್ಕರೆ ಉಳಿದಿದ್ದರೆ ಸಿಹಿ ವೈನ್. ಕೆಂಪು ಬಣ್ಣ ಬರುವುದು ರಸದಿಂದ ಅಲ್ಲ, ಸಿಪ್ಪೆಯಿಂದ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ತಿರುಳೂ ಬಣ್ಣವಿಲ್ಲದ್ದೇ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು ವೈನ್, ರಸವನ್ನು ಮೊದಲೇ ಹಿಂಡಿ ತೆಗೆದು ಹುದುಗಿಸಿದರೆ ಬಿಳಿ. ಹಾಗಾಗಿ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಮಾಡಬಹುದು. ಟ್ಯಾನಿನ್ ಎಂಬ ಪದ ಕೇಳಿ ಹೆದರಬೇಕಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಮಾತೇ ಇದೆ: ಒಗರು. ಟೀ ಸೊಪ್ಪನ್ನು ಜಾಸ್ತಿ ಹೊತ್ತು ಕುದಿಸಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ. ಸಿಪ್ಪೆ, ಬೀಜ ಮತ್ತು ಮರದ ಪೀಪಾಯಿ ಈ ಒಗರನ್ನು ಕೊಡುತ್ತವೆ.

ಬಾಟಲಿಯ ಬೆಲೆಯಲ್ಲಿ ಏನೇನು ಸೇರಿದೆ?

750 ಮಿಲಿಲೀಟರಿನ ಒಂದು ಬಾಟಲಿಗೆ ಬೇಕಾಗುವುದು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ದ್ರಾಕ್ಷಿ. ಅತಿ ದುಬಾರಿ ಬಾಟಲಿಗೂ ಅಷ್ಟೇ, ಅಗ್ಗದ್ದಕ್ಕೂ ಅಷ್ಟೇ. ಹಾಗಾದರೆ ಬೆಲೆ ಇಷ್ಟು ಏರುವುದು ಎಲ್ಲಿ?

ಮೊದಲನೆಯದು ತೋಟ. ಹೆಸರುವಾಸಿ ಜಾಗದ ಜಮೀನು ದುಬಾರಿ. ಗೊಂಚಲಿನ ರಸ ಗಟ್ಟಿಯಾಗಲಿ ಎಂದು ಕೆಲವು ರೈತರು ಬಳ್ಳಿಯಲ್ಲಿ ಕಾಯಿ ಕಡಿಮೆ ಬಿಡುತ್ತಾರೆ, ಆಗ ಎಕರೆಗೆ ಸಿಗುವ ಹಣ್ಣೂ ಕಡಿಮೆ. ಎರಡನೆಯದು ಪೀಪಾಯಿ. ಓಕ್ ಮರದ ಸಾಮಾನ್ಯ ಪೀಪಾಯಿ ಹಿಡಿಯುವುದು 225 ಲೀಟರ್, ಅಂದರೆ 300 ಬಾಟಲಿ. ಕೆಲವು ಸಲ ಬಳಸಿದ ಮೇಲೆ ಅದರ ಮರ ರುಚಿ ಬಿಡುವುದು ನಿಲ್ಲುತ್ತದೆ, ಹೊಸದು ತರಬೇಕು. ಅಗ್ಗದ ವೈನನ್ನು ಸ್ಟೀಲ್ ಟ್ಯಾಂಕಿನಲ್ಲಿ ಮಾಡುತ್ತಾರೆ. ಮರದ ಘಮ ಬೇಕೆಂದರೆ ಓಕ್ ಚಕ್ಕೆಗಳನ್ನು ಅದರಲ್ಲಿ ನೆನೆಹಾಕುತ್ತಾರೆ. ಮೂರನೆಯದು ಕಾಲ. ಎರಡು ಮೂರು ವರ್ಷ ನೆಲಮಾಳಿಗೆಯಲ್ಲಿ ಇಟ್ಟರೆ ಅಷ್ಟೂ ದಿನ ಬಂಡವಾಳ ಅಲ್ಲೇ ಕೂತಿರುತ್ತದೆ.

ಇವೆಲ್ಲ ವೈನಿನ ರುಚಿಗೆ ಸಂಬಂಧಪಟ್ಟ ಖರ್ಚು. ಇನ್ನೊಂದು ಬಗೆಯ ಖರ್ಚಿದೆ: ಗಾಜಿನ ಬಾಟಲಿ, ಬಿರಡೆ, ಲೇಬಲ್, ಸಾಗಣೆ, ತೆರಿಗೆ, ಅಂಗಡಿಯ ಲಾಭ. ಇದರಲ್ಲಿ ಬಹುಪಾಲು ಎಲ್ಲ ಬಾಟಲಿಗೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅತಿ ಅಗ್ಗದ ಬಾಟಲಿಯಲ್ಲಿ ಒಳಗಿರುವ ವೈನಿಗೆ ಉಳಿಯುವ ಪಾಲು ಬಹಳ ಚಿಕ್ಕದು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಂಡರೆ, ಹೆಚ್ಚಿಗೆ ಕೊಟ್ಟ ಹಣದ ದೊಡ್ಡ ಪಾಲು ನೇರ ವೈನಿಗೇ ಹೋಗುತ್ತದೆ. ಕಡಿಮೆ ಬೆಲೆಯಲ್ಲಿ ಒಳ್ಳೆಯದನ್ನು ಹುಡುಕುವವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿಲ್ಲ. ತೀರಾ ಮೇಲಿನ ಮೆಟ್ಟಿಲುಗಳಲ್ಲಿ ನಾವು ಕೊಡುವುದು ಹೆಸರಿಗೆ ಮತ್ತು ಅಪರೂಪಕ್ಕೆ.

ಬೆಲೆ ಗೊತ್ತಿಲ್ಲದೆ ಕುಡಿದಾಗ

ದುಬಾರಿಯದು ರುಚಿಯಾಗಿಯೇ ಇರುತ್ತದೆ ಎಂಬ ನಂಬಿಕೆಯನ್ನು ಬಹಳ ಸಲ ಪರೀಕ್ಷೆಗೆ ಒಡ್ಡಿದ್ದಾರೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ವೈನ್ ವ್ಯಾಪಾರಿ ಒಂದು ಸ್ಪರ್ಧೆ ಏರ್ಪಡಿಸಿದರು. ಯಾವ ಗ್ಲಾಸಿನಲ್ಲಿ ಯಾವ ವೈನ್ ಎಂದು ತೀರ್ಪುಗಾರರಿಗೆ ಗೊತ್ತಿರಲಿಲ್ಲ. ಫ್ರಾನ್ಸಿನ ನುರಿತ ತೀರ್ಪುಗಾರರೇ ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನವನ್ನು, ಆಗ ಯಾರೂ ಲೆಕ್ಕಕ್ಕೆ ಇಡದಿದ್ದ ಕ್ಯಾಲಿಫೋರ್ನಿಯಾದ ವೈನುಗಳಿಗೆ ಕೊಟ್ಟರು. ಹೆಸರು ಕಾಣದಿದ್ದಾಗ ನಾಲಿಗೆ ಬೇರೆಯದೇ ಮಾತಾಡಿತು.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ಇಂಥ ರುಚಿ ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿತು. ಬೆಲೆ ಗೊತ್ತಿಲ್ಲದಾಗ ಸಾಮಾನ್ಯ ಜನರಿಗೆ ದುಬಾರಿ ವೈನ್ ಹೆಚ್ಚು ಇಷ್ಟವಾಗಲಿಲ್ಲ. ಕೂದಲೆಳೆಯಷ್ಟು ಕಡಿಮೆಯೇ ಇಷ್ಟವಾಯಿತು. ತರಬೇತಿ ಪಡೆದವರಲ್ಲಿ ಮಾತ್ರ ಬೆಲೆಗೂ ಮೆಚ್ಚುಗೆಗೂ ಒಂದಷ್ಟು ಸಂಬಂಧ ಕಂಡಿತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಎರಡು ಸಲ ಕೊಟ್ಟು, ಎರಡನೆಯದರ ಬೆಲೆ ಒಂಬತ್ತು ಪಟ್ಟು ಎಂದು ಹೇಳಿದರು. ಜನರಿಗೆ ಅದು ಹೆಚ್ಚು ರುಚಿಸಿತು. ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ, ಮಿದುಳಿನ ಸ್ಕ್ಯಾನ್‌ನಲ್ಲಿ ಸುಖ ಅನುಭವಿಸುವ ಭಾಗ ನಿಜಕ್ಕೂ ಹೆಚ್ಚು ಚುರುಕಾಗಿತ್ತು. ಅಂದರೆ ಬೆಲೆಯೂ ರುಚಿಯ ಒಂದು ಭಾಗವಾಗಿ ನಮ್ಮೊಳಗೆ ಸೇರಿಕೊಳ್ಳುತ್ತದೆ.

ದುಬಾರಿ ವೈನುಗಳೆಲ್ಲ ಮೋಸ ಎಂದು ಇದರ ಅರ್ಥವಲ್ಲ. ಹಲವು ವರ್ಷ ಇಟ್ಟ ಒಳ್ಳೆಯ ವೈನಿನಲ್ಲಿ ಬೇರೆಲ್ಲೂ ಸಿಗದ ಘಮ ಇರುತ್ತದೆ. ಅದನ್ನು ಗುರುತಿಸಲು ಅಭ್ಯಾಸ ಬೇಕು, ಅಷ್ಟೇ. ಹೊಸಬರು ಅದಕ್ಕಾಗಿ ಈಗಲೇ ಖರ್ಚು ಮಾಡಬೇಕಿಲ್ಲ.

ಕಡಿಮೆ ಬೆಲೆಯ ಬಾಟಲಿಯಿಂದ ಪೂರ್ತಿ ರುಚಿ

ಮಾರುಕಟ್ಟೆಯ ಬಹುಪಾಲು ವೈನ್ ಒಂದೆರಡು ವರ್ಷದೊಳಗೆ ಕುಡಿಯಲೆಂದೇ ತಯಾರಾದದ್ದು. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಬೆರಳೆಣಿಕೆಯ ವೈನುಗಳಿಗೆ ಮಾತ್ರ ಹೊಂದುತ್ತದೆ. ಅಗ್ಗದ ಬಾಟಲಿ ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ, ಹೊಸದನ್ನೇ ಆರಿಸಿ. ತಿರುಗಿಸುವ ಮುಚ್ಚಳ ಇದ್ದರೆ ಕೀಳು ಎಂದುಕೊಳ್ಳಬೇಡಿ. ಕಾರ್ಕ್ ಬಿರಡೆಯಲ್ಲಿ ಒಮ್ಮೊಮ್ಮೆ ಟಿಸಿಎ ಎಂಬ ರಾಸಾಯನಿಕ ಸೇರಿ ವೈನಿಗೆ ಒದ್ದೆ ರಟ್ಟಿನ ವಾಸನೆ ಬರುವುದುಂಟು. ತಿರುಗಿಸುವ ಮುಚ್ಚಳದಲ್ಲಿ ಆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಬಾಟಲಿಯ ತೂಕಕ್ಕೂ ಒಳಗಿರುವುದಕ್ಕೂ ಸಂಬಂಧ ಇಲ್ಲ.

ರುಚಿಯನ್ನು ಅತಿ ಹೆಚ್ಚು ಬದಲಿಸುವುದು ಉಷ್ಣತೆ. ತುಂಬ ತಣ್ಣಗಿದ್ದರೆ ಘಮ ಮುಚ್ಚಿಹೋಗುತ್ತದೆ, ಒಗರು ಎದ್ದು ಕಾಣುತ್ತದೆ. ತುಂಬ ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಬಿಳಿ ವೈನಿಗೆ 8ರಿಂದ 12 ಡಿಗ್ರಿ, ಕೆಂಪಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಚೆನ್ನ. ಸೆಖೆ ಇರುವಲ್ಲಿ ಕೋಣೆಯ ಬಿಸಿ ಕೆಂಪು ವೈನಿಗೆ ಜಾಸ್ತಿಯೇ ಆಯಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಅದೇ ಬಾಟಲಿ ಬೇರೆಯದಾಗಿ ಕಾಣುತ್ತದೆ. ಗ್ಲಾಸನ್ನು ಮೂರನೇ ಒಂದು ಭಾಗ ಮಾತ್ರ ತುಂಬಿ, ಮೆಲ್ಲಗೆ ತಿರುಗಿಸಿ, ಮೊದಲು ಮೂಸಿ ನೋಡಿ. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನದು ಮೂಗಿನ ಕೆಲಸ.

ತೆರೆದ ಬಾಟಲಿ ಯಾಕೆ ಕೆಡುತ್ತದೆ? ಕತ್ತರಿಸಿದ ಸೇಬು ಕಂದಾಗುವ ಹಾಗೆಯೇ. ಗಾಳಿಯಲ್ಲಿರುವ ಆಮ್ಲಜನಕ ಮೆಲ್ಲಗೆ ಅದನ್ನು ಬದಲಿಸುತ್ತದೆ. ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ, ಕೆಂಪಾದರೂ ಸರಿ, ಮೂರರಿಂದ ಐದು ದಿನ ಚೆನ್ನಾಗಿರುತ್ತದೆ. ಉಳಿದದ್ದನ್ನು ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿಟ್ಟರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯಲ್ಲಿ ಬರುವ ವೈನ್ ತೆರೆದ ಮೇಲೂ ಕೆಲವು ವಾರ ಉಳಿಯುವುದು ಇದೇ ಕಾರಣಕ್ಕೆ. ಒಳಗಿನ ಚೀಲ ವೈನ್ ಕಡಿಮೆಯಾದಂತೆ ಕುಗ್ಗುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ವೈನ್ ಹೃದಯಕ್ಕೆ ಒಳ್ಳೆಯದು ಎಂದುಕೊಂಡು ಶುರು ಮಾಡಬೇಡಿ. ಆರೋಗ್ಯಕ್ಕೆ ಸುರಕ್ಷಿತ ಎನ್ನುವಂಥ ಆಲ್ಕೋಹಾಲ್ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆಲ್ಕೋಹಾಲ್ ಇರುವ ಪಾನೀಯಗಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ 1988ರಿಂದಲೂ ಇವೆ. ಶೇ. 12ರ ವೈನ್ 150 ಮಿಲಿಲೀಟರ್ ಕುಡಿದರೆ ಸುಮಾರು 14 ಗ್ರಾಂ ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಗುತ್ತದೆ. ಬಸುರಿಯರು, ವಾಹನ ಓಡಿಸುವವರು, ಆಲ್ಕೋಹಾಲ್ ಜೊತೆ ಹೊಂದದ ಔಷಧಿ ತೆಗೆದುಕೊಳ್ಳುವವರು ಇದರಿಂದ ದೂರವೇ ಇರಬೇಕು.

ಮನೆಯಲ್ಲಿ ಮಾಡುವ ಮುನ್ನ

ಮೊದಲು ಕಾನೂನು. ಮನೆಬಳಕೆಗೆ ವೈನ್ ಮಾಡಲು ಕೆಲವು ಕಡೆ ಮಿತಿಯೊಳಗೆ ಅವಕಾಶವಿದೆ, ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧವಿದೆ. ನೀವಿರುವ ಕಡೆಯ ನಿಯಮ ನೋಡಿಕೊಂಡೇ ಮುಂದುವರಿಯಿರಿ.

ಇನ್ನು ಪಾತ್ರೆ. ಗಾಜು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಹಾರ ಇಡಲು ತಕ್ಕ ಪ್ಲಾಸ್ಟಿಕ್ ಆಗಬಹುದು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣ ಬೇಡವೇ ಬೇಡ. ಹಣ್ಣಿನ ಹುಳಿ ಅವುಗಳನ್ನು ಕರಗಿಸಿ ವೈನಿಗೆ ಸೇರಿಸುತ್ತದೆ. ಪಾತ್ರೆ, ಸೌಟು, ಬಟ್ಟೆ, ನಳಿಕೆ ಎಲ್ಲವನ್ನೂ ತೊಳೆದು, ಬಿಸಿನೀರು ತಡೆಯುವಂಥವನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ಗಾಜಿಗೆ ಒಮ್ಮೆಲೇ ಕುದಿನೀರು ಸುರಿದರೆ ಸೀಳುತ್ತದೆ, ಅದಕ್ಕೆ ಮೊದಲು ಬೆಚ್ಚಗಿನ ನೀರು ಹಾಕಿ. ಮನೆಯ ವೈನ್ ಕೆಡಲು ದೊಡ್ಡ ಕಾರಣ ಕೊಳಕು ಪಾತ್ರೆ. ತಪ್ಪು ಹಣ್ಣಿನದೂ ಅಲ್ಲ, ಯೀಸ್ಟಿನದೂ ಅಲ್ಲ.

ಐದು ಕಿಲೋ ದ್ರಾಕ್ಷಿಯ ದಾರಿ

ಮೊದಲ ಸಲಕ್ಕೆ 5 ಕಿಲೋ ಕಪ್ಪು ದ್ರಾಕ್ಷಿ ಸಾಕು. ಕೊನೆಗೆ ಕೈಗೆ ಸಿಗುವುದು ಸುಮಾರು 3 ಲೀಟರ್. ದ್ರಾಕ್ಷಿಯನ್ನೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಸಕ್ಕರೆ, ಹುಳಿ, ಒಗರು, ಯೀಸ್ಟಿಗೆ ಬೇಕಾದ ಪೋಷಕಾಂಶ ಎಲ್ಲವೂ ಅದರಲ್ಲಿ ಹದವಾಗಿ ಸೇರಿವೆ. ಬೇರೆ ಹಣ್ಣುಗಳಿಂದಲೂ ಆಗುತ್ತದೆ, ಆದರೆ ಕೊರತೆ ಇದ್ದದ್ದನ್ನು ನಾವು ತುಂಬಿಕೊಡಬೇಕು.

ಕೊಳೆತ, ಬೂಷ್ಟು ಹಿಡಿದ ಹಣ್ಣುಗಳನ್ನು ಆರಿಸಿ ಎಸೆಯಿರಿ. ತೊಳೆದು ನೀರು ಬಸಿಯಲು ಬಿಡಿ. ತೊಟ್ಟುಗಳನ್ನು ಬಿಡಿಸಿ, ಹಸಿರು ತೊಟ್ಟು ಕಹಿ ಬಿಡುತ್ತದೆ. ಆಮೇಲೆ 8ರಿಂದ 10 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಕೈಯಿಂದಲೇ ಹಿಸುಕಿ. ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದರೆ ಅದರ ಕಹಿ ಎಷ್ಟು ತಿಂಗಳಾದರೂ ಹೋಗುವುದಿಲ್ಲ.

ಈಗ ಯೀಸ್ಟ್. ಹಣ್ಣಿನ ಮೇಲೆ ಮತ್ತು ಗಾಳಿಯಲ್ಲಿ ಕಾಡು ಯೀಸ್ಟುಗಳಿವೆ, ಅವುಗಳಿಂದಲೂ ಹುದುಗುತ್ತದೆ. ಆದರೆ ಯಾವುದು ಮೇಲುಗೈ ಸಾಧಿಸುತ್ತದೆ ಎಂದು ಹೇಳಲಾಗದು. ಹಾಲಿಗೆ ಒಳ್ಳೆಯ ಹೆಪ್ಪು ಹಾಕಿದರೆ ಮೊಸರು ನಂಬಿಕೆಗೆ ಬರುತ್ತದಲ್ಲ, ಹಾಗೆ ವೈನ್ ಯೀಸ್ಟ್ ಹಾಕಿದರೆ ಒಂದೇ ಬಗೆಯ ಫಲ ಸಿಗುತ್ತದೆ. ವೈನ್ ಯೀಸ್ಟಿನ 5 ಗ್ರಾಂ ಪೊಟ್ಟಣ 20 ಲೀಟರಿಗೆ ಆಗುತ್ತದೆ. ನಮಗೆ ಅದರ ಕಾಲು ಭಾಗ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ, ಸುಮಾರು 35ರಿಂದ 40 ಡಿಗ್ರಿಯಲ್ಲಿ, ಹದಿನೈದು ನಿಮಿಷ ನೆನೆಸಿ ರಸಕ್ಕೆ ಸೇರಿಸಿ. ಬ್ರೆಡ್ ಯೀಸ್ಟ್ ಹಾಕಿದರೂ ನಡೆಯುತ್ತದೆ. ಆದರೆ ಅದು ಆಲ್ಕೋಹಾಲ್ ಹೆಚ್ಚಾದಂತೆ ಬೇಗ ಸುಸ್ತಾಗುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುವುದೂ ಇಲ್ಲ.

ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ. ಈ ಮೊದಲ ದಿನಗಳಲ್ಲಿ ಸ್ವಲ್ಪ ಗಾಳಿ ಬೇಕು, ಯೀಸ್ಟ್ ಸಂತತಿ ಬೆಳೆಯಲು ಅದು ಸಹಾಯ ಮಾಡುತ್ತದೆ. ಒಂದೆರಡು ದಿನದಲ್ಲಿ ನೊರೆ ಎದ್ದು, ಸಿಪ್ಪೆಗಳೆಲ್ಲ ಮೇಲೆ ತೇಲಿ ದಪ್ಪ ಪದರವಾಗುತ್ತವೆ. ದಿನಕ್ಕೆ ಎರಡು ಮೂರು ಸಲ ಮರದ ಸೌಟಿನಿಂದ ಆ ಪದರವನ್ನು ಒಳಗೆ ಅದುಮಲೇಬೇಕು. ಒಣಗಲು ಬಿಟ್ಟರೆ ಅದರ ಮೇಲೆ ಬೂಷ್ಟು ಬರುತ್ತದೆ, ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಅದುಮಿದಾಗ ಬಣ್ಣ, ಒಗರು, ಘಮ ರಸಕ್ಕೆ ಇಳಿಯುತ್ತವೆ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. 20ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. 35 ದಾಟಿದರೆ ಯೀಸ್ಟ್ ಸೊರಗುತ್ತದೆ. ಸೆಖೆ ಜಾಸ್ತಿ ಇದ್ದರೆ ಪಾತ್ರೆಯನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಸುತ್ತಿ.

ಐದರಿಂದ ಏಳು ದಿನಕ್ಕೆ ನೊರೆ ಇಳಿಯುತ್ತದೆ. ಆಗ ಶುಚಿಯಾದ ಬಟ್ಟೆಯಲ್ಲಿ ಸೋಸಿ, ಸಿಪ್ಪೆಯನ್ನು ಮೆತ್ತಗೆ ಹಿಂಡಿ, ಕಿರಿದಾದ ಕಂಠದ ಗಾಜಿನ ಜಾಡಿಗೆ ತುಂಬಿ. ಈ ಗಳಿಗೆಯಿಂದ ನಿಯಮ ತಲೆಕೆಳಗಾಗುತ್ತದೆ. ಇಲ್ಲಿಯವರೆಗೆ ಗೆಳೆಯನಾಗಿದ್ದ ಗಾಳಿ ಇನ್ನು ಮುಂದೆ ಶತ್ರು.

ಮುಚ್ಚಳವನ್ನು ಬಿಗಿ ಮಾಡಬೇಡಿ

ಶತ್ರು ಎಂದ ಮಾತ್ರಕ್ಕೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಡುವುದು ಅಪಾಯ. 200 ಗ್ರಾಂ ಸಕ್ಕರೆ ಇರುವ ಒಂದೇ ಒಂದು ಲೀಟರ್ ರಸ ಪೂರ್ತಿ ಹುದುಗುವಷ್ಟರಲ್ಲಿ ಸುಮಾರು 50 ಲೀಟರ್ ಅನಿಲ ಹೊರಡುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ಗಾಜು ಸಿಡಿಯುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ, ಹುದುಗುವುದು ನಿಂತಿದೆ ಎಂದುಕೊಂಡು ಒಂದು ಬಾಟಲಿಯ ಮುಚ್ಚಳ ಬಿಗಿದಿದ್ದೆ. ರಾತ್ರಿ ಅದು ಒಡೆದು ಗಾಜಿನ ಚೂರುಗಳು ಕೋಣೆಯ ಆ ತುದಿಯವರೆಗೆ ಹಾರಿದ್ದವು. ಅಲ್ಲಿ ಆಗ ಯಾರೂ ಇರಲಿಲ್ಲ ಎಂಬುದೇ ಪುಣ್ಯ.

ಇದಕ್ಕೆ ಪರಿಹಾರ ಏರ್‌ಲಾಕ್ ಎಂಬ ಚಿಕ್ಕ ಸಾಧನ. ಬಾಗಿದ ನಳಿಕೆಯಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಒಳಗಿನ ಅನಿಲ ಆ ನೀರನ್ನು ತಳ್ಳಿ ಗುಳ್ಳೆಯಾಗಿ ಹೊರಬೀಳುತ್ತದೆ, ಹೊರಗಿನ ಗಾಳಿ ಮಾತ್ರ ನೀರು ದಾಟಿ ಒಳಗೆ ಬರಲಾರದು. ಅದು ಸಿಗದಿದ್ದರೆ ಬಿರಡೆಗೆ ತೂತು ಕೊರೆದು ರಬ್ಬರ್ ನಳಿಕೆ ತೂರಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಡಿ. ಕೆಲಸ ಒಂದೇ. ಜಾಡಿಯನ್ನು ಗಾಳಿಯಾಡುವ ಕೋಣೆಯಲ್ಲೇ ಇಡಿ. ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಸಣ್ಣ ಕೋಣೆಯಲ್ಲಿ ತುಂಬಿಕೊಂಡರೆ ಉಸಿರಾಟಕ್ಕೆ ತೊಂದರೆ.

ಜಾಡಿಯಲ್ಲಿ ಕಂಠದವರೆಗೆ ವೈನ್ ಇರಲಿ. ಎರಡು ಮೂರು ವಾರದಲ್ಲಿ ತಳದಲ್ಲಿ ಗಷ್ಟು ಕೂರುತ್ತದೆ. ಅದು ಸತ್ತ ಯೀಸ್ಟ್ ಮತ್ತು ಹಣ್ಣಿನ ಚೂರು. ತುಂಬ ದಿನ ಅದರ ಮೇಲೆ ಬಿಟ್ಟರೆ ಕೆಟ್ಟ ವಾಸನೆ ಬರಬಹುದು. ಜಾಡಿಯನ್ನು ಮೇಜಿನ ಮೇಲಿಟ್ಟು, ಕೆಳಗೆ ಇನ್ನೊಂದು ಜಾಡಿ ಇಟ್ಟು, ನಳಿಕೆಯಿಂದ ತಿಳಿಯನ್ನು ಮಾತ್ರ ಇಳಿಸಿಕೊಳ್ಳಿ. ನಳಿಕೆಯ ತುದಿ ಕೆಳಗಿನ ಜಾಡಿಯ ತಳ ಮುಟ್ಟಿರಲಿ, ಸುರಿಯುವಾಗ ಗಾಳಿ ಬೆರೆಯದ ಹಾಗೆ. ಒಂದೆರಡು ತಿಂಗಳಾದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ. ಈ ಹಂತದಲ್ಲಿ ನಮ್ಮ ಕೆಲಸ ಕಾಯುವುದು. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ ಇದೆಯಲ್ಲ, ತಾಳ್ಮೆಯಿಂದ ಇರುವುದು ಮತ್ತು ಕಾವಲಿರುವುದು. ಇಲ್ಲಿ ಎರಡೂ ಬೇಕು.

ಸಕ್ಕರೆ ಎಷ್ಟು ಹಾಕಬೇಕು?

ಹಣ್ಣಿನಷ್ಟೇ ತೂಕದ ಸಕ್ಕರೆ ಹಾಕಿ ಎನ್ನುವ ಸಲಹೆಗಳು ಬಹಳ ಕಡೆ ಕಾಣುತ್ತವೆ. ಅದು ಸರಿಯಲ್ಲ. ಸಕ್ಕರೆ ಅತಿಯಾದರೆ ಅದು ಯೀಸ್ಟಿನೊಳಗಿನ ನೀರನ್ನೇ ಹೊರಗೆ ಎಳೆಯುತ್ತದೆ. ಜಾಮ್ ಕೆಡದೆ ಉಳಿಯುವುದು ಈ ಗುಣದಿಂದಲೇ. ಬದುಕಿದ ಯೀಸ್ಟೂ ಅರ್ಧಕ್ಕೆ ನಿಲ್ಲುತ್ತದೆ, ನಮಗೆ ಸಿಗುವುದು ಆಲ್ಕೋಹಾಲ್ ಬೆರೆತ ಪಾನಕ.

ತಿನ್ನುವ ದ್ರಾಕ್ಷಿಯ ರಸದಲ್ಲಿ ಸಾಮಾನ್ಯವಾಗಿ ಲೀಟರಿಗೆ 160ರಿಂದ 180 ಗ್ರಾಂ ಸಕ್ಕರೆ ಇರುತ್ತದೆ. ನಮ್ಮ 17ರ ಲೆಕ್ಕದಲ್ಲಿ ಅದು ಶೇ. 9ರಿಂದ 10ರ ವೈನ್. ಶೇ. 11ರಿಂದ 12 ಇದ್ದರೆ ಅದು ಕೆಡದೆ ಉಳಿಯುವ ಸಾಧ್ಯತೆ ಹೆಚ್ಚು. ಎರಡು ಅಂಶ ಏರಿಸಲು ಲೀಟರಿಗೆ 35 ಗ್ರಾಂ, ಅಂದರೆ ನಮ್ಮ 3 ಲೀಟರಿಗೆ ಬರೀ 100 ಗ್ರಾಂ ಚಿಲ್ಲರೆ. ಇಷ್ಟೇ!

ಊಹೆ ಬೇಡ ಎನ್ನುವವರು ಹೈಡ್ರೋಮೀಟರ್ ಕೊಳ್ಳಬೇಕು. ರಸದಲ್ಲಿ ತೇಲಿಬಿಡುವ ಗಾಜಿನ ಕಡ್ಡಿ ಅದು. ಸಕ್ಕರೆ ಹೆಚ್ಚಿದ್ದಷ್ಟೂ ದ್ರವ ದಟ್ಟ, ಕಡ್ಡಿ ಮೇಲೆ ತೇಲುತ್ತದೆ. ಬರೀ ನೀರಿನಲ್ಲಿ ಅದು 1.000 ತೋರಿಸುತ್ತದೆ. ಹುದುಗುವ ಮುಂಚೆ 1.085 ಇತ್ತು, ಮುಗಿದ ಮೇಲೆ 0.995ಕ್ಕೆ ಇಳಿಯಿತು ಎನ್ನೋಣ. ವ್ಯತ್ಯಾಸ 0.090. ಅದನ್ನು 131ರಿಂದ ಗುಣಿಸಿದರೆ 11.8. ಅದೇ ನಿಮ್ಮ ವೈನಿನ ಆಲ್ಕೋಹಾಲ್ ಪ್ರಮಾಣ. ಕೆಲವು ದಿನ ಬಿಟ್ಟು ಬಿಟ್ಟು ಅಳೆದಾಗಲೂ 0.995ರ ಆಸುಪಾಸಿನಲ್ಲೇ ನಿಂತಿದ್ದರೆ ಹುದುಗುವುದು ಮುಗಿದಿದೆ ಎಂದು ಅರ್ಥ. ನನ್ನ ಹತ್ತಿರ ಆಗ ಈ ಕಡ್ಡಿ ಇದ್ದಿದ್ದರೆ ಆ ಬಾಟಲಿ ಒಡೆಯುತ್ತಿರಲಿಲ್ಲ.

ಸಿಹಿ ಇಷ್ಟ ಎನ್ನುವವರು ಕುಡಿಯುವ ಹೊತ್ತಿಗೆ ಬೆರೆಸಿಕೊಳ್ಳಿ. ಬಾಟಲಿಗೆ ಸಕ್ಕರೆ ಹಾಕಿ ಮುಚ್ಚಿದರೆ ಉಳಿದ ಯೀಸ್ಟ್ ಮತ್ತೆ ಎಚ್ಚರಗೊಳ್ಳುತ್ತದೆ, ಮತ್ತದೇ ಸಿಡಿತ.

ಕೆಟ್ಟಿದೆಯಾ ಎಂದು ತಿಳಿಯುವುದು ಹೇಗೆ?

ಮೂಗನ್ನು ನಂಬಿ. ವಿನೆಗರ್ ವಾಸನೆ ಬಂದರೆ ಗಾಳಿ ಸೇರಿದೆ. ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಮ್ಲಜನಕದ ಸಹಾಯದಿಂದ ಆಲ್ಕೋಹಾಲನ್ನು ವಿನೆಗರ್ ಮಾಡಿಬಿಟ್ಟಿದೆ. ಅದನ್ನು ಮತ್ತೆ ವೈನ್ ಮಾಡಲಾಗದು. ಉಗುರುಬಣ್ಣದ ವಾಸನೆಯೂ ಇದೇ ಜಾತಿಯ ದೋಷ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಪೋಷಕಾಂಶ ಸಾಲದೆ ಯೀಸ್ಟ್ ಬಳಲಿದಾಗ ಬರುತ್ತದೆ, ಬೇಗ ಗೊತ್ತಾದರೆ ಜಾಡಿ ಬದಲಿಸಿದಾಗ ಎಷ್ಟೋ ಸಲ ಹೋಗಿಬಿಡುತ್ತದೆ. ಬೂಷ್ಟು ನಾರುನಾರಾಗಿ, ಹಸಿರು ಅಥವಾ ಕಪ್ಪಾಗಿ ಬೆಳೆದಿದ್ದರೆ ಯೋಚಿಸದೆ ಚೆಲ್ಲಿ. ಮೋಡ ಕವಿದಂತೆ ಕಲಕಿದ್ದರೆ ಮಾತ್ರ ಹೆದರಬೇಕಿಲ್ಲ, ತಿಳಿಯಾಗಲು ಇನ್ನೂ ಸಮಯ ಬೇಕು ಅಷ್ಟೇ.

ಅಂಗಡಿಯ ವೈನಿನ ಲೇಬಲ್ ಮೇಲೆ ಸಲ್ಫೈಟ್ ಇದೆ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅದು ಬ್ಯಾಕ್ಟೀರಿಯಾ ಮತ್ತು ಆಮ್ಲಜನಕ ಎರಡನ್ನೂ ತಡೆಯುತ್ತದೆ. ಮನೆಯಲ್ಲಿ ಬಳಸುವವರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ಲೀಟರಿಗೆ ಸುಮಾರು 0.1 ಗ್ರಾಂ ಹಾಕುತ್ತಾರೆ. ಕಣ್ಣಳತೆಯಲ್ಲಿ ಹಾಕುವ ವಸ್ತು ಅಲ್ಲ ಅದು, ತೂಗಲೇಬೇಕು. ಅಸ್ತಮಾ ಇರುವ ಕೆಲವರಿಗೆ ಇದು ಆಗದು.

ಮೆಥನಾಲ್ ಭಯ

ಕಳ್ಳಬಟ್ಟಿ ಕುಡಿದು ಕಣ್ಣು ಹೋಯಿತು, ಜೀವ ಹೋಯಿತು ಎಂಬ ಸುದ್ದಿ ಓದಿದವರು ಮನೆಯ ವೈನಿಗೂ ಹೆದರುತ್ತಾರೆ. ಆ ಭಯಕ್ಕೆ ಉತ್ತರ ಕೊಡಲೇಬೇಕು. ಮೆಥನಾಲ್ ಎಂಬುದು ಆಲ್ಕೋಹಾಲಿನ ದಾಯಾದಿಯಂಥ ವಿಷ. ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ವಸ್ತು ಒಡೆದಾಗ ಅದು ತೀರಾ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ಅಂಗಡಿಯ ವೈನಿನಲ್ಲೂ ಇದೆ, ತಾಜಾ ಹಣ್ಣಿನ ರಸದಲ್ಲೂ ಇದೆ. ಬರೀ ಹುದುಗಿಸಿದ ವೈನಿನಲ್ಲಿ ಅದು ವಿಷವಾಗುವ ಮಟ್ಟಕ್ಕೆ ಹೋಗುವುದಿಲ್ಲ. ಸುದ್ದಿಯಾಗುವ ದುರಂತಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಮೆಥನಾಲನ್ನು ಮದ್ಯಕ್ಕೆ ಬೆರೆಸಿದ್ದರಿಂದ ಆದವು.

ಆದರೆ ಗೆರೆ ಇರುವುದು ಇಲ್ಲಿ: ವೈನನ್ನು ಕಾಯಿಸಿ ಬಟ್ಟಿ ಇಳಿಸಲು ಹೋಗಬೇಡಿ. ಬಟ್ಟಿ ಇಳಿಸಿದಾಗ ಈ ವಸ್ತುಗಳು ಒಂದೆಡೆ ಸಾಂದ್ರವಾಗಬಹುದು, ಆವಿಗೆ ಬೆಂಕಿ ಹತ್ತಬಹುದು. ಬಹುತೇಕ ದೇಶಗಳಲ್ಲಿ ಅದು ಅಪರಾಧವೂ ಹೌದು.

ಬಾಟಲಿಗೆ ತುಂಬಿದ ಮೇಲೆ

ಮೂರು ತಿಂಗಳ ಹೊತ್ತಿಗೆ ವೈನ್ ತಿಳಿಯಾಗಿ ಹೊಳೆಯುತ್ತದೆ. ಹೈಡ್ರೋಮೀಟರ್ ಸಂಖ್ಯೆ ಕದಲದೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ಶುಚಿಯಾದ ಬಾಟಲಿಗಳಿಗೆ ತುಂಬಿ, ಬಿರಡೆ ಹಾಕಿ, ಬೆಳಕು ಬೀಳದ ತಂಪು ಜಾಗದಲ್ಲಿಡಿ. 3 ಲೀಟರ್ ಎಂದರೆ ನಾಲ್ಕು ಬಾಟಲಿ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ: ಯಾವ ದಿನ ಹಿಸುಕಿದ್ದು, ಹಣ್ಣು ಎಷ್ಟು, ಸಕ್ಕರೆ ಎಷ್ಟು, ಯಾವ ಯೀಸ್ಟ್, ಶುರುವಿನ ಮತ್ತು ಕೊನೆಯ ಸಂಖ್ಯೆ.

ಮೊದಲ ಬಾಟಲಿ ತೆರೆಯುವಾಗ ಅಂಗಡಿಯಿಂದ ಒಂದು ಅಗ್ಗದ ಬಾಟಲಿಯನ್ನೂ ತನ್ನಿ. ಎರಡಕ್ಕೂ ಕಾಗದ ಸುತ್ತಿ, ಗ್ಲಾಸುಗಳನ್ನು ಅದಲುಬದಲು ಮಾಡಲು ಬೇರೆಯವರಿಗೆ ಹೇಳಿ. ಮೂಸಿ ನೋಡಿ. ಹುಳಿ ಯಾವುದರಲ್ಲಿ ಚುರುಕಾಗಿದೆ, ಒಗರು ಯಾವುದರಲ್ಲಿ ನಾಲಿಗೆ ಹಿಡಿಯುತ್ತದೆ, ಹಣ್ಣಿನ ಘಮ ಯಾವುದರಲ್ಲಿ ಉಳಿದಿದೆ ಎಂದು ಬರೆದಿಟ್ಟುಕೊಳ್ಳಿ. ನಿಮ್ಮದು ಮೊದಲಿಗೆ ಒರಟಾಗಿ ಕಂಡರೆ ಬೇಸರ ಬೇಡ, ಹೊಸ ವೈನಿನ ಒಗರು ತಿಂಗಳುಗಳು ಕಳೆದಂತೆ ಮೆತ್ತಗಾಗುತ್ತದೆ. ನಾಲ್ಕರಲ್ಲಿ ಒಂದು ಬಾಟಲಿಯನ್ನು ಒಂದು ವರ್ಷ ಮುಟ್ಟದೆ ಇಡಿ. ಮುಂದಿನ ಸುಗ್ಗಿಯಲ್ಲಿ ಹೊಸ ಭರಣಿ ಚಿಟಿಚಿಟಿ ಎನ್ನಲು ಶುರುವಾದಾಗ ಅದನ್ನು ತೆರೆದು, ಹಳೆಯ ಚೀಟಿ ಓದುತ್ತಾ ಕುಡಿದು ನೋಡಿ.